ಗ್ರಾಮಫೋನ್ ತಟ್ಟೆಯ ನಾದ: ವಾಲ್ವೋ, ಟ್ರಾನ್ಸಿಸ್ಟರೋ?



ಗ್ರಾಮಫೋನ್ ತಟ್ಟೆಗಳ ಮೇಲಣ ಆದರವು ರಸಿಕರಲ್ಲಿ ಮರಳಿ ಮೂಡಿರುವುದಷ್ಟೆ. ಅದರೊಡನೆ ಹಳೆಯ ವಾದವೊಂದೂ ಮರಳಿ ಎದ್ದಿದೆ. ತಟ್ಟೆಯ ನಾದವನ್ನು ವರ್ಧಿಸುವುದಕ್ಕೆ ವಾಲ್ವು ಮೇಲೆಂದು ಕೆಲವರೂ, ಟ್ರಾನ್ಸಿಸ್ಟರು ಮೇಲೆಂದು ಕೆಲವರೂ ಹೇಳುವರು. ವಾಲ್ವಿನ ನಾದವೇ ಇಂಪೆಂಬ ನಂಬಿಕೆಯಿಂದ ಅಪಾರ ದ್ರವ್ಯವನ್ನು ವ್ಯಯಮಾಡುವವರೂ ಉಂಟು. ಈ ನಂಬಿಕೆಯ ಹುರುಳನ್ನು ನಾವು ಈಗ ವಿಚಾರಮಾಡೋಣ.

ತಟ್ಟೆಯ ಗೀರಿನಲ್ಲಿ ಸಂಚರಿಸುವ ಮುಳ್ಳು ಹುಟ್ಟಿಸುವ ವಿದ್ಯುತ್ತು ಅತ್ಯಲ್ಪವಾದುದು. ಅಯಸ್ಕಾಂತವು ಅಲುಗುವ ಪಿಕಪ್ಪಿನಲ್ಲಿ ಅದು ಸುಮಾರು 5 ಮಿಲಿವೋಲ್ಟು. ತಂತಿಯ ಸುರುಳಿಯು ಅಲುಗುವ ಬಗೆಯಲ್ಲಿ ಸಾಮಾನ್ಯವಾಗಿ ಅರ್ಧ ಮಿಲಿವೋಲ್ಟಿಗೂ ಕಡಮೆ. ಇದನ್ನು ನೂರು ಮಡಿ, ಸಾವಿರ ಮಡಿ ಹೆಚ್ಚಿಸುವುದು ಪೂರ್ವವರ್ಧಕದ, ಎಂದರೆ ಪ್ರೀಆಂಪ್ಲಿಫೈಯರಿನ, ಮೊದಲನೆಯ ಕೆಲಸ. ಎರಡನೆಯದು ಇನ್ನೂ ಸೂಕ್ಷ್ಮವಾದುದು. ತಟ್ಟೆಯನ್ನು ಕೊರೆಯುವಾಗ ಮಂದ್ರಸ್ವರಗಳನ್ನು ತಗ್ಗಿಸಿ ತಾರಸ್ವರಗಳನ್ನು ಏರಿಸಿರುವರು. ಹಾಗೆ ಮಾಡದಿದ್ದರೆ ಒಂದು ಗೀರು ಇನ್ನೊಂದರ ಮೇಲೆ ಹರಿಯುವುದು. ತಾರಸ್ವರಗಳು ಮುಳ್ಳಿನ ಸರಸರ ಸದ್ದಿನಲ್ಲಿ ಅಡಗುವುವು. ಪೂರ್ವವರ್ಧಕವು ಇದನ್ನು ತಿರುಗಿಸಿ ಸಮಮಾಡಬೇಕು. ಅಮೆರಿಕದ ಆರ್.ಐ.ಎ.ಎ. ಸಂಸ್ಥೆಯು 1954ರಲ್ಲಿ ನಿಯಮಿಸಿದ ಕ್ರಮದಂತೆ, ಸೆಕೆಂಡಿಗೆ 20 ಕಂಪನದ ಸ್ವರವನ್ನು ಸುಮಾರು 20 ಡೆಸಿಬೆಲ್ ಏರಿಸಬೇಕು. 20,000 ಕಂಪನದ ಸ್ವರವನ್ನು ಹೆಚ್ಚುಕಡಮೆ ಅಷ್ಟೇ ಇಳಿಸಬೇಕು. ಇದರಲ್ಲಿ ತಪ್ಪಿದ ಯಂತ್ರವು ವಾಲ್ವಿನದಾದರೇನು, ಟ್ರಾನ್ಸಿಸ್ಟರಿನದಾದರೇನು, ವೀಣೆಯು ವೀಣೆಯಂತೆ ಕೇಳಿಸದು.

ವಾಲ್ವಿಗೆ ತನ್ನ ಗುಣವುಂಟು. ಭಾರ ಹೆಚ್ಚಾದಾಗ ಅದು ಮೆಲ್ಲನೆ ಬಾಗುವುದು. ಆಗ ಬೆರೆಯುವ ಮೇಲಿನ ಸ್ಥಾಯಿಯ ಛಾಯೆ ಕಿವಿಗೆ ಹಿತವಾಗುವುದು. ಟ್ರಾನ್ಸಿಸ್ಟರು ಮಿತಿಯನ್ನು ಮುಟ್ಟಿದೊಡನೆ ಥಟ್ಟನೆ ಕತ್ತರಿಸುವುದು. ಆದರೆ ಚೆನ್ನಾಗಿ ರಚಿಸಿದ ಪೂರ್ವವರ್ಧಕವು ಆ ಮಿತಿಯ ಬಳಿಗೇ ಹೋಗುವುದಿಲ್ಲ. ಇತ್ತ ವಾಲ್ವು ಕಾಯಬೇಕು, ಇನ್ನೂರಕ್ಕೆ ಮೀರಿದ ವೋಲ್ಟನ್ನು ಬೇಡುವುದು, ತಟ್ಟಿದರೆ ಗಣಗಣಿಸುವುದು, ವರ್ಷ ಕಳೆದಂತೆ ಸೊರಗುವುದು. ಅತ್ಯಲ್ಪ ವಿದ್ಯುತ್ತಿನ ಪಿಕಪ್ಪಿಗೆ ಸದ್ದಿಲ್ಲದೆ ಸೇವೆ ಮಾಡುವುದರಲ್ಲಿ ಟ್ರಾನ್ಸಿಸ್ಟರೇ ಮುಂದು.

ಇಂಗ್ಲೆಂಡಿನ ಹಂಟಿಂಗ್ಡನ್ ಊರಿನ ಕ್ವಾಡ್ ಯಂತ್ರಗಳ ವಿಷಯವು ಇಲ್ಲಿ ಸ್ಮರಣೀಯ. ಪೀಟರ್ ವಾಕರ್ ಅವರು ಮೊದಲು ವಾಲ್ವಿನಿಂದಲೂ, 1967ರಿಂದ ಟ್ರಾನ್ಸಿಸ್ಟರಿನಿಂದಲೂ ವರ್ಧಕಗಳನ್ನು ಹೊರತಂದರು. ಜೇಮ್ಸ್ ಮಾಯರ್ ಅವರು ಆ ಎರಡು ಬಗೆಗಳನ್ನೂ ಮರೆಯಲ್ಲಿಟ್ಟು, ಪರಿಣತರಿಗೆ ಕೇಳಿಸಿ ಪರೀಕ್ಷಿಸಿ, 1978ರಲ್ಲಿ ಫಲವನ್ನು ಪ್ರಕಟಿಸಿದರು. ಯಾವುದು ಯಾವುದೆಂದು ನಿಶ್ಚಯವಾಗಿ ಗುರುತಿಸುವುದು ಕೇಳಿದವರಿಗೆ ಸಾಧ್ಯವಾಗಲಿಲ್ಲ. ಅವು ಸ್ಪೀಕರನ್ನು ನುಡಿಸುವ ಶಕ್ತಿವರ್ಧಕಗಳೇ ಹೊರತು ಪೂರ್ವವರ್ಧಕಗಳಲ್ಲ, ನಿಜ. ಆದರೂ ಕಣ್ಣಿಗೆ ಕಾಣುವ ಕೆಂಪು ಬೆಳಕು ಕಿವಿಯ ತೀರ್ಪನ್ನು ಎಷ್ಟು ಓಲಿಸಬಲ್ಲುದೆಂಬುದಕ್ಕೆ ಇದು ಸಾಕಾದ ಎಚ್ಚರಿಕೆ.

ಆದುದರಿಂದ ಯಂತ್ರವನ್ನು ಕೊಳ್ಳುವ ಮುನ್ನ ಎರಡನ್ನೂ ಒಂದೇ ತಟ್ಟೆಯಿಂದ, ಒಂದೇ ಗಟ್ಟಿತನದಲ್ಲಿ, ನೋಡದೆ ಕೇಳುವುದು ಲೇಸು. ಹಣಕ್ಕೆ ಮೊದಲ ಹಕ್ಕು ಮುಳ್ಳಿನದು. ಸವೆದ ಮುಳ್ಳು ನಾದವನ್ನಷ್ಟೇ ಅಲ್ಲ, ತಟ್ಟೆಯನ್ನೂ ಕೆಡಿಸುವುದು. ಕೆಟ್ಟ ಗೀರನ್ನು ಯಾವ ವಾಲ್ವೂ ಸರಿಮಾಡಲಾರದು. ನಮ್ಮ ಹಿರಿಯರು ಬಿಟ್ಟುಹೋದ 78 ಸುತ್ತಿನ ಅರಗಿನ ತಟ್ಟೆಗಳಿಗಂತೂ ಅಗಲವಾದ ಬೇರೆ ಮುಳ್ಳು ಬೇಕು. ಅವುಗಳಲ್ಲಿ ಬಹುಪಾಲು 1954ರ ಕ್ರಮಕ್ಕಿಂತ ಹಿಂದಿನವಾದುದರಿಂದ, ಸಮಮಾಡುವ ಕ್ರಮವನ್ನು ಬದಲಿಸಬಲ್ಲ ಪೂರ್ವವರ್ಧಕವೂ ಬೇಕು. ಆ ಗಾಯಕರ ಕಂಠವು ಉಳಿದಿರುವುದು ಆ ಗೀರುಗಳಲ್ಲಿಯೇ. ಅವನ್ನು ಕಾಪಾಡುವ ಯಂತ್ರವೇ ನಮಗೆ ಉತ್ತಮವಾದ ಯಂತ್ರ.