ಬೆಟ್ಟದ ಹರಕೆಯಲ್ಲಿ ಬೆಟ್ಟದ ಪಾಲು

(ಮೈಸೂರಿನ ರಾಮಕೃಷ್ಣನಗರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಈ ರಾಮಕೃಷ್ಣನಗರದಿಂದ ಪೂರ್ವಕ್ಕೆ ಮುಖಮಾಡಿ ನಿಂತರೆ ಚಾಮುಂಡಿಬೆಟ್ಟ. ಸಮುದ್ರಮಟ್ಟದಿಂದ ಸುಮಾರು 3,500 ಅಡಿ ಎತ್ತರದ ಈ ಬೆಟ್ಟಕ್ಕೆ ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ಹದಿನೇಳನೆಯ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರ ಕಾಲದಲ್ಲಿ ಆದ ಕೆಲಸ ಅದು. ಹರಕೆ ಹೊತ್ತ ಹೆಣ್ಣುಮಕ್ಕಳು ಇಂದಿಗೂ ಪ್ರತಿ ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚುತ್ತ ಮೇಲೇರುತ್ತಾರೆ. ಮನೆಯವರ ಆರೋಗ್ಯಕ್ಕಾಗಿ, ಮಕ್ಕಳ ಒಳಿತಿಗಾಗಿ ಮೈಯನ್ನು ದಣಿಸಿಕೊಳ್ಳುವ ಈ ಪದ್ಧತಿ ನಾಡಿಗೆ ಹೊಸದಲ್ಲ.

ಇತ್ತೀಚಿನ ದಶಕಗಳಲ್ಲಿ ಇದೇ ಹರಕೆ ಬೇರೊಂದು ರೂಪ ತಾಳಿದೆ. ಒಂದೇ ಕಚೇರಿಯಲ್ಲಿ ದುಡಿಯುವ ಹತ್ತಿಪ್ಪತ್ತು ಮಂದಿ ತಂಡ ಕಟ್ಟಿಕೊಂಡು ಒಂದು ಶಿಖರವನ್ನು ಏರುವ ಪಣ ತೊಡುತ್ತಾರೆ. ಅವರು ಪಣವನ್ನು ಪೂರೈಸಿದರೆ ಬಂಧುಮಿತ್ರರು, ಸಂಸ್ಥೆಗಳು ಆಸ್ಪತ್ರೆಗೋ ಶಾಲೆಗೋ ಹಣ ಕೊಡುತ್ತವೆ. ಇದನ್ನು ಸಹಾಯಾರ್ಥ ಚಾರಣ ಎನ್ನಬಹುದು. ಮೇಜಿನ ಮುಂದೆ ಕುಳಿತು ಬೆನ್ನು ಬಾಗಿದವರು ಬೆಟ್ಟದ ಗಾಳಿ ಕುಡಿಯುತ್ತಾರೆ, ಮೇಲಧಿಕಾರಿಯೂ ಗುಮಾಸ್ತನೂ ಒಂದೇ ಬುತ್ತಿಯನ್ನು ಹಂಚಿಕೊಳ್ಳುತ್ತಾರೆ, ಕಾಣದ ರೋಗಿಯೊಬ್ಬನಿಗೆ ಔಷಧಿ ದೊರೆಯುತ್ತದೆ. ಇದರಲ್ಲಿ ಆಕ್ಷೇಪಿಸುವುದೇನಿದೆ? ಏನೂ ಇಲ್ಲ. ಆದರೆ ಕೇಳಲೇಬೇಕಾದ ಪ್ರಶ್ನೆಯೊಂದಿದೆ: ಈ ದಾನದ ಲೆಕ್ಕದಲ್ಲಿ ಬೆಟ್ಟದ ಪಾಲೆಷ್ಟು?

ಈ ಪದ್ಧತಿ ಬಹಳ ಬೆಳೆದಿರುವುದು ಬ್ರಿಟನ್ನಿನಲ್ಲಿ. ಅಲ್ಲಿ 'ಮೂರು ಶಿಖರಗಳ ಸವಾಲು' ಎಂಬುದೊಂದು ಪ್ರಸಿದ್ಧವಾಗಿದೆ. ಸ್ಕಾಟ್ಲೆಂಡಿನ ಬೆನ್ ನೆವಿಸ್ (1,345 ಮೀಟರ್), ಇಂಗ್ಲೆಂಡಿನ ಸ್ಕಾಫೆಲ್ ಪೈಕ್ (978 ಮೀಟರ್), ವೇಲ್ಸಿನ ಸ್ನೋಡನ್ (1,085 ಮೀಟರ್) ಈ ಮೂರನ್ನೂ 24 ಗಂಟೆಗಳೊಳಗೆ ಏರಿ ಇಳಿಯಬೇಕು. ಎತ್ತರದಲ್ಲಿ ಇವು ನಮ್ಮ ಮುಳ್ಳಯ್ಯನಗಿರಿಗಿಂತ (1,930 ಮೀಟರ್) ಬಹಳ ಕಡಿಮೆ. ಕಷ್ಟವಿರುವುದು ಗಡಿಯಾರದಲ್ಲಿ. ಹಗಲಿನಲ್ಲಿ ಒಂದು ಶಿಖರ ಮುಗಿಸಿದ ತಂಡ ವಾಹನದಲ್ಲಿ ಧಾವಿಸಿ ಸ್ಕಾಫೆಲ್ ಪೈಕಿನ ತಪ್ಪಲಿನ ವಾಸ್ಡೇಲ್ ಕಣಿವೆಯನ್ನು ಸೇರುವುದು ಸಾಮಾನ್ಯವಾಗಿ ನಡುರಾತ್ರಿಯಲ್ಲಿ. ವಾಹನಗಳ ಬಾಗಿಲು ಬಡಿಯುವ ಸದ್ದು, ದೀಪಗಳ ಬೆಳಕು, ಬಿಟ್ಟುಹೋದ ಕಸ, ಇವೆಲ್ಲ ಕುರಿ ಸಾಕಿ ಬದುಕುವ ಆ ಪುಟ್ಟ ಊರಿನವರ ಪಾಲಿಗೆ. ಜನರ ದೂರು ಹೆಚ್ಚಿದ ಮೇಲೆ ದೇಣಿಗೆ ಸಂಗ್ರಹಿಸುವ ಸಂಸ್ಥೆಗಳೇ ಇಂಥ ಚಾರಣಗಳಿಗೆ ನಡಾವಳಿಯ ನಿಯಮಗಳನ್ನು ರೂಪಿಸಿಕೊಳ್ಳಬೇಕಾಯಿತು.

ಊರಿನ ನಿದ್ರೆಗಿಂತ ದೊಡ್ಡ ನಷ್ಟ ಮಣ್ಣಿನದು. ಬೆಟ್ಟದ ಮೇಲ್ಮಣ್ಣು ಸ್ಪಂಜಿನಂತೆ. ಅದರ ಸೂಕ್ಷ್ಮ ರಂಧ್ರಗಳ ಮೂಲಕವೇ ಮಳೆನೀರು ಒಳಗೆ ಇಂಗಬೇಕು. ನೂರಾರು ಪಾದಗಳು ಒಂದೇ ಜಾಡಿನಲ್ಲಿ ತುಳಿದಾಗ ಮೊದಲು ಹುಲ್ಲು ಸಾಯುತ್ತದೆ, ಬಳಿಕ ರಂಧ್ರಗಳು ಮುಚ್ಚಿ ಮಣ್ಣು ಗಟ್ಟಿಯಾಗುತ್ತದೆ. ಇಂಗದ ನೀರು ಆ ಜಾಡನ್ನೇ ಹಿಡಿದು ಹರಿಯುತ್ತದೆ, ಜಾಡು ಕೊರಕಲಾಗುತ್ತದೆ. ಕೊರಕಲಿನಲ್ಲಿ ನಡೆಯಲಾಗದವರು ಪಕ್ಕದ ಹುಲ್ಲನ್ನು ತುಳಿಯುತ್ತಾರೆ, ಅಲ್ಲಿಯೂ ಇದೇ ಕಥೆ. ಒಂದು ಅಡಿಯ ಕಾಲುದಾರಿ ಹತ್ತಡಿಯ ಗಾಯವಾಗುವುದು ಹೀಗೆ. ಇದರ ಜೊತೆಗೆ ಬೂಟಿನ ಕೆಸರಿನಲ್ಲಿ ಅಂಟಿಕೊಂಡು ಪಾರ್ಥೇನಿಯಂನಂಥ ಕಳೆಯ ಬೀಜವೂ ಮೇಲೇರುತ್ತದೆ.

ಇಂಗ್ಲೆಂಡಿನ ಸರೋವರ ಪ್ರಾಂತ್ಯದಲ್ಲಿ 2001ರಿಂದ 'ಫಿಕ್ಸ್ ದಿ ಫೆಲ್ಸ್' ಎಂಬ ಕಾರ್ಯಕ್ರಮದಡಿ ಇಂಥ ಗಾಯಗಳಿಗೆ ಚಿಕಿತ್ಸೆ ನಡೆದಿದೆ. ಸ್ವಯಂಸೇವಕರು ದಾರಿಗೆ ಕಲ್ಲು ಹಾಸುತ್ತಾರೆ, ನೀರನ್ನು ಪಕ್ಕಕ್ಕೆ ತಿರುಗಿಸುವ ಮೋರಿಗಳನ್ನು ಶುಚಿಯಾಗಿಡುತ್ತಾರೆ. ಅಡಿಕೆ ತೋಟದಲ್ಲಿ ಬಸಿಗಾಲುವೆ ತೆಗೆಯುವ ನಮ್ಮ ರೈತರಿಗೆ ಇದು ಅಪರಿಚಿತ ವಿದ್ಯೆಯೇನಲ್ಲ.

ಪರದೇಶದ ಮಾತು ಹಾಗಿರಲಿ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತದಲ್ಲಿ ಸಾವಿರಾರು ಜನ ನೆರೆದುದು ನಾಡಿಗೆಲ್ಲ ತಿಳಿದಿದೆ. ಆ ಬಳಿಕ ಸರ್ಕಾರ ಮುಂಗಡ ನೋಂದಣಿಯ ವ್ಯವಸ್ಥೆಯಿಲ್ಲದ ಚಾರಣಗಳನ್ನು ತಡೆಹಿಡಿಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಆನ್‌ಲೈನ್ ನೋಂದಣಿ ತೆರೆದು, ಒಂದು ಚಾರಣಪಥಕ್ಕೆ ದಿನಕ್ಕೆ 300 ಮಂದಿ ಎಂಬ ಮಿತಿ ವಿಧಿಸಿತು. ಕುಮಾರಧಾರೆ ಹುಟ್ಟುವುದು ಆ ಬೆಟ್ಟಸಾಲಿನಲ್ಲೇ. ಚಾಮುಂಡಿಬೆಟ್ಟದಲ್ಲಿಯೂ 2021ರ ಅಕ್ಟೋಬರಿನ ಮಳೆಗೆ ನಂದಿಯತ್ತ ಹೋಗುವ ರಸ್ತೆ ಕುಸಿಯಿತು. ಬೆಟ್ಟ ಕಲ್ಲಿನದಾದರೂ ಅದರ ಸಹನೆಗೆ ಮಿತಿಯಿದೆ.

ಹಾಗಾದರೆ ಬೆಟ್ಟ ಏರುವುದನ್ನೇ ಬಿಡಬೇಕೆ? ಬೇಕಿಲ್ಲ. ಎಡ್ಮಂಡ್ ಹಿಲರಿಯವರ ಬಾಳು ಇದಕ್ಕೊಂದು ಉತ್ತರ. 1953ರಲ್ಲಿ ತೇನ್‌ಸಿಂಗರೊಡನೆ ಎವರೆಸ್ಟ್ ಏರಿದ ಅವರು, ಬೆಟ್ಟದ ಜನ ಕೇಳಿದ್ದು ಶಾಲೆಯನ್ನು ಎಂದು ಅರಿತು 1961ರಲ್ಲಿ ಖುಮ್‌ಜಂಗ್ ಎಂಬ ಶೆರ್ಪಾ ಊರಿನಲ್ಲಿ ಶಾಲೆ ಕಟ್ಟಿಸಿದರು. 1966ರಲ್ಲಿ ಕುಂಡೆಯಲ್ಲಿ ಆಸ್ಪತ್ರೆ ಎದ್ದಿತು. ಆದರೆ ಆರೋಹಣ ತಂಡಗಳೂ ಪ್ರವಾಸಿಗರೂ ಹೆಚ್ಚಿದಂತೆ ಸೌದೆಗಾಗಿ ಅಲ್ಲಿನ ಕಾಡು ತೆಳುವಾಯಿತು. ಆಗ ಅವರು ಕಾಡಿನ ರಕ್ಷಣೆಗೂ ದನಿಗೂಡಿಸಿದರು, 1976ರಲ್ಲಿ ಸಾಗರಮಾಥಾ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾಯಿತು, ಸಸಿ ನೆಡುವ ಕೆಲಸವೂ ಸಾಗಿತು. ಜನರಿಗೆ ಕೊಟ್ಟದ್ದರ ಜೊತೆಗೆ ಬೆಟ್ಟದಿಂದ ಪಡೆದದ್ದನ್ನೂ ಲೆಕ್ಕ ಹಾಕಿದ ದಾರಿ ಇದು.

ಈ ರಾಮಕೃಷ್ಣನಗರದ ಯಾವುದೋ ಕಚೇರಿಯ ಹನ್ನೆರಡು ಮಂದಿ ಇಂಥದೊಂದು ಚಾರಣಕ್ಕೆ ಹೊರಡುವರೆಂದು ಭಾವಿಸೋಣ. ಅವರು ಮೊದಲು ಚಾಮುಂಡಿಬೆಟ್ಟದ ಮೆಟ್ಟಿಲುಗಳಲ್ಲಿ ಕಾಲಿಗೆ ಅಭ್ಯಾಸ ಮಾಡಿಸಲಿ. ಇಳಿಯುವಾಗ ಒಂದು ಚೀಲ ಕಸವನ್ನೂ ತರಲಿ. ಮಣ್ಣು ಮೆತ್ತಗಿರುವ ಮಳೆಗಾಲವನ್ನು ಬಿಟ್ಟು ದಿನ ಗೊತ್ತುಮಾಡಲಿ. ಗಡಿಯಾರದ ಪಣವನ್ನು ಕೈಬಿಟ್ಟು, ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ವೇಗವನ್ನೇ ತಂಡದ ವೇಗವಾಗಿಸಲಿ. ಊರಿನ ಮಾರ್ಗದರ್ಶಕನಿಗೆ ಸರಿಯಾದ ಕೂಲಿ ಕೊಡಲಿ, ಊಟವನ್ನು ಊರಿನ ಮನೆಯಲ್ಲೇ ಮಾಡಲಿ. ಹೊರಡುವ ಮುನ್ನ ಬೂಟು ತೊಳೆಯಲಿ. ಪ್ರಯಾಣದ ಖರ್ಚನ್ನು ಸ್ವಂತ ಜೇಬಿನಿಂದ ಭರಿಸಲಿ, ದಾನಿಗಳ ಹಣವೆಲ್ಲ ಉದ್ದೇಶಕ್ಕೇ ಸಲ್ಲಲಿ. ಕೊನೆಯದಾಗಿ, ಒಂದು ಭಾಗವನ್ನು ಬೆಟ್ಟಕ್ಕೆಂದೇ ಮೀಸಲಿಡಲಿ; ಊರಿನವರ ಒಪ್ಪಿಗೆಯಿಂದ, ಅರಣ್ಯ ಇಲಾಖೆಯ ಅನುಮತಿಯಿಂದ ಆ ಹಣ ಸವೆದ ದಾರಿಯ ದುರಸ್ತಿಗೆ ಹೋಗಲಿ.

ಬೆಟ್ಟದ ಊರಿನ ಬಂಧುಗಳಿಗೂ ಒಂದು ಮಾತು. ಬಂದವರಿಗೆ ನೀರು ಬೆಲ್ಲ ಕೊಟ್ಟು ಉಪಚರಿಸುವುದು ಹಿರಿಯರಿಂದ ಬಂದ ನಡತೆ, ಅದು ಉಳಿಯಲಿ. ಜೊತೆಗೆ, ಎಷ್ಟು ಜನ ಬರುವಿರಿ, ಎಲ್ಲಿ ತಂಗುವಿರಿ, ಕಸವನ್ನು ಯಾರು ಹೊರುತ್ತಾರೆ ಎಂದು ಕೇಳುವ ಹಕ್ಕೂ ನಿಮ್ಮದೇ. ದಾರಿ ತಪ್ಪಿದವರನ್ನು ಹುಡುಕಲು ರಾತ್ರಿ ಲಾಟೀನು ಹಿಡಿದು ಹೊರಡುವವರು ನೀವೇ ಅಲ್ಲವೇ? ವಿದ್ಯಾರ್ಥಿಗಳು ತಮ್ಮ ಊರಿನ ಕಾಲುದಾರಿಯ ಅಗಲವನ್ನು ವರ್ಷಕ್ಕೆರಡು ಬಾರಿ, ಮಳೆಗೆ ಮುನ್ನ ಮತ್ತು ಮಳೆಯ ನಂತರ, ಅಳೆದು ಬರೆದಿಡಲಿ. ಅದಕ್ಕೆ ಬೇಕಾಗುವುದು ಒಂದು ಹಗ್ಗ, ಒಂದು ನೋಟುಪುಸ್ತಕ. ನಾಲ್ಕು ವರ್ಷಗಳ ಅಂಥ ದಾಖಲೆಯನ್ನು ಯಾವ ಅಧಿಕಾರಿಯೂ ಸುಲಭವಾಗಿ ತಳ್ಳಿಹಾಕಲಾರ.

ಮೈಸೂರು ನಗರ ಕುಡಿಯುವುದು ಕಾವೇರಿ ಮತ್ತು ಕಬಿನಿಯ ನೀರು. ಎರಡೂ ಪಶ್ಚಿಮಘಟ್ಟದ ಮಕ್ಕಳು. ರಾಮಕೃಷ್ಣನಗರದ ನಲ್ಲಿಯಲ್ಲಿ ಬೀಳುವ ಪ್ರತಿ ಬಿಂದಿಗೆಯ ಹಿಂದೆ ಎಲ್ಲೋ ಮಳೆನೀರನ್ನು ಹಿಡಿದಿಟ್ಟ ಒಂದು ಹಿಡಿ ಬೆಟ್ಟದ ಮಣ್ಣಿದೆ. ಪರರ ಒಳಿತಿಗಾಗಿ ಶಿಖರವೇರುವವರು ಆ ಮಣ್ಣನ್ನೂ ಪರರ ಸಾಲಿಗೆ ಸೇರಿಸಿಕೊಳ್ಳಲಿ.