ಪಹಣಿ ಇಲ್ಲದಿದ್ರೂ ಎಜುಕೇಶನ್ ಲೋನ್ ಸಿಗುತ್ತೆ

ಸಿಇಟಿ ಸೀಟು ಹಂಚಿಕೆ ಆಯ್ತು ಅಂದ್ರೆ ನಮ್ಮ ಬೈರಾಪಟ್ಟಣ, ಚನ್ನಪಟ್ಟಣದ ಕಡೆ ಒಂದೇ ಪ್ರಶ್ನೆ: "ಜಮೀನು ಅಡ ಇಡದೆ ಬ್ಯಾಂಕಿನವ್ರು ಸಾಲ ಕೊಡ್ತಾರಾ?" ಕೊಡಲ್ಲ ಅಂದ್ಕೊಂಡು ಎಷ್ಟೋ ಜನ ಬ್ಯಾಂಕಿನ ಮೆಟ್ಟಿಲೇ ಹತ್ತಲ್ಲ, ನೇರ ಕೈಸಾಲಕ್ಕೆ ಹೋಗ್ತಾರೆ. ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿ ಅಂದ್ರೆ ವರ್ಷಕ್ಕೆ ಶೇ 36, ನೆನಪಿರಲಿ.

ಈಗ ನಿಯಮ ಕೇಳಿ. ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷದವರೆಗೆ ಅಡಮಾನ ಬೇಕಿಲ್ಲ, ನಮ್ಮ ಕೈಯಿಂದ ಮಾರ್ಜಿನ್ ಹಣವೂ ಹಾಕಬೇಕಿಲ್ಲ. ಅಪ್ಪ ಅಥವಾ ಅಮ್ಮ ಜಂಟಿ ಸಾಲಗಾರರಾಗಿ ಸಹಿ ಹಾಕಬೇಕು, ಅಷ್ಟೇ. 7.5 ಲಕ್ಷದವರೆಗಿನ ಸಾಲಕ್ಕೆ ಕೇಂದ್ರದ ಕ್ರೆಡಿಟ್ ಗ್ಯಾರಂಟಿ ಫಂಡ್ ಇದೆ. ಅದರಡಿ ಕೊಟ್ಟ ಸಾಲಕ್ಕೆ ಅಡಮಾನವಾಗಲಿ, ಮೂರನೆಯವರ ಜಾಮೀನಾಗಲಿ ಕೇಳೋ ಹಾಗಿಲ್ಲ. ಪತ್ರದ ಮಾತು ಸಾಮಾನ್ಯವಾಗಿ ಬರೋದು 7.5 ಲಕ್ಷ ದಾಟಿದ ಮೇಲೆ.

2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಿದ್ಯಾಲಕ್ಷ್ಮಿಯಲ್ಲಿ ಅಡಮಾನವೂ ಇಲ್ಲ, ಜಾಮೀನೂ ಇಲ್ಲ. ಆದ್ರೆ ಕಾಲೇಜು ಸರ್ಕಾರದ ಪಟ್ಟಿಯಲ್ಲಿರಬೇಕು, ಸೀಟು ಮೆರಿಟ್ ಮೇಲೆ ಸಿಕ್ಕಿರಬೇಕು. ಮ್ಯಾನೇಜ್‌ಮೆಂಟ್ ಕೋಟಾದವರಿಗೆ ಇದು ಸಿಗಲ್ಲ. ಅದಕ್ಕೇ ಸೀಟು ಒಪ್ಪಿಕೊಳ್ಳೋ ಮೊದಲೇ ಪಟ್ಟಿ ನೋಡಿ.

ಬಡ್ಡಿ ಲೆಕ್ಕ? ವರ್ಷದ ಶುರುವಿಗೆ 1 ಲಕ್ಷದಂತೆ 4 ವರ್ಷ, ಶೇ 10ರ ಸರಳ ಬಡ್ಡಿ ಅಂತ ಇಟ್ಕೊಳ್ಳಿ. ಓದು ಮುಗಿಯೋ ಹೊತ್ತಿಗೆ ಬಡ್ಡಿ 1 ಲಕ್ಷ. ಕಂತು ಶುರುವಾಗೋಕೆ ಮುಂಚಿನ ಒಂದು ವರ್ಷದ ವಿನಾಯಿತಿ ಸೇರಿದ್ರೆ 1.4 ಲಕ್ಷ. ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದು, ಮಾನ್ಯತೆ ಇರೋ ಕಾಲೇಜಿನಲ್ಲಿ ವೃತ್ತಿಪರ ಅಥವಾ ತಾಂತ್ರಿಕ ಕೋರ್ಸ್ ಆಗಿದ್ರೆ, ಈ ಅವಧಿಯ ಬಡ್ಡಿಯನ್ನ ಕೇಂದ್ರದ ಸಬ್ಸಿಡಿ ಯೋಜನೆಯೇ ಕಟ್ಟುತ್ತೆ. ಒಂದು ಆದಾಯ ಪ್ರಮಾಣಪತ್ರದ ಬೆಲೆ ಅಷ್ಟು. ನಾಡಕಚೇರಿಯಲ್ಲಿ ಇವತ್ತೇ ಅರ್ಜಿ ಹಾಕಿ.

ಕೊನೆಯದು: "ನಿಮ್ಮೂರು ನಮ್ಮ ಸರ್ವೀಸ್ ಏರಿಯಾಗೆ ಬರಲ್ಲ" ಅಂತ ಶಾಖೆಯಲ್ಲಿ ಹೇಳಿದ್ರೆ ಸುಮ್ಮನೆ ವಾಪಸ್ ಬರಬೇಡಿ. ಆ ಕಾರಣಕ್ಕೆ ಶಿಕ್ಷಣ ಸಾಲದ ಅರ್ಜಿ ತಿರಸ್ಕರಿಸಬಾರದು ಅಂತ ರಿಸರ್ವ್ ಬ್ಯಾಂಕ್ 2012ರಲ್ಲೇ ಸೂಚಿಸಿದೆ. ಅರ್ಜಿಯನ್ನ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲೇ ಹಾಕಿ, ದಾಖಲೆ ಉಳಿಯುತ್ತೆ. ಇಲ್ಲ ಅಂದ್ರೆ ಕಾರಣವನ್ನ ಬರಹದಲ್ಲಿ ಕೇಳಿ. ಬಾಯಿಮಾತಿನ 'ಇಲ್ಲ'ಕ್ಕೆ ಮೇಲ್ಮನವಿ ಹಾಕೋಕಾಗಲ್ಲ, ಕಾಗದದ 'ಇಲ್ಲ'ಕ್ಕೆ ಆಗುತ್ತೆ.