ಮನೆಯಂಗಳದಿಂದ ಹೊಳೆಯವರೆಗೆ



ಡೆಟ್ರಾಯಿಟ್‌ನ ರೂಜ್ ನದಿಯಲ್ಲಿ ತೇಲುತ್ತಿದ್ದ ಕಾರ್ಖಾನೆಗಳ ಎಣ್ಣೆಗೆ 1969ರಲ್ಲಿ ಬೆಂಕಿ ಹತ್ತಿತ್ತು. ಇಂದಿನ ಕೊಳೆಯಲ್ಲಿ ನಮ್ಮ ಪಾಲೂ ಇದೆ. ಕ್ಯಾಂಟನ್, ನೋವೈಗಳ ಮಳೆನೀರು ರೂಜ್ ಸೇರುತ್ತದೆ; ಶಿಕಾಗೋ ಬಳಿಯ ನೇಪರ್‌ವಿಲ್‌ನದು ಡುಪೇಜ್ ನದಿಯನ್ನು. ಹೊಲಗಳಿದ್ದಲ್ಲಿ ಮನೆ, ರಸ್ತೆ, ಪಾರ್ಕಿಂಗ್ ಲಾಟ್‌ಗಳು ಎದ್ದವು. ನೀರು ಇಂಗಲು ಜಾಗ ಕಡಿಮೆಯಾಯಿತು. ರಸ್ತೆಬದಿಯ ಮೋರಿಗಿಳಿದ ನೀರನ್ನು ಯಾರೋ ಶುದ್ಧಗೊಳಿಸುತ್ತಾರೆಂದು ನಾನೂ ನಂಬಿದ್ದೆ. ಇಲ್ಲ, ನಮ್ಮ ಬಡಾವಣೆಗಳಲ್ಲಿ ಅದು ಕಾರಿನ ಎಣ್ಣೆ, ಹುಲ್ಲಿನ ಗೊಬ್ಬರ, ಚಳಿಗಾಲದ ಉಪ್ಪಿನ ಸಮೇತ ಹೊಳೆಗೇ ಹೋಗುತ್ತದೆ. ಕರಗಿದ ಉಪ್ಪು ಮಾಯವಾಗುವುದಿಲ್ಲ, ಮೀನುಗಳಿಗೆ ಕಂಟಕವಾಗುತ್ತದೆ.

ಬೆಳ್ಳಂದೂರು ಕೆರೆಯ ನೊರೆ ಕಂಡು ಊರಿನವರನ್ನು ದೂರುತ್ತೇವೆ. ಇಲ್ಲಿಯ ಹೊಳೆಗೆ ನಾವೇ ಊರಿನವರು. ಉಪ್ಪನ್ನು ಬೇಕಾದಷ್ಟೇ ಎರಚೋಣ, ಸೂರಿನ ನೀರನ್ನು ಹುಲ್ಲಿಗೆ ಹರಿಸೋಣ, ಕಾರನ್ನು ಕಾರ್‌ವಾಷ್‌ನಲ್ಲೇ ತೊಳೆಸೋಣ.